ಒಂದು ಬಕೆಟ್ಟು ನೀರು, ಮೂರೆಳೆ ವಿಭೂತಿ

ನನ್ನ ಹೆಂಡತಿ ಮಮತಾಳ ಪ್ರಕಾರ ಈ ಮನೆಯಲ್ಲಿ ನೀರು ಪೋಲು ಮಾಡುವ ಏಕಮಾತ್ರ ಜೀವಿ ನಾನು. ಚಿತ್ರದುರ್ಗದ ನಮ್ಮ ಬೀದಿಗೆ ನಲ್ಲಿ ನೀರು ಬರುವುದು ಆರು ದಿನಕ್ಕೊಮ್ಮೆ. ಬಂದ ನೀರನ್ನು ಅವಳು ತೊಟ್ಟಿಗೆ, ಡ್ರಮ್ಮಿಗೆ, ಕೊಡಗಳಿಗೆ, ಕೊನೆಗೆ ಖಾಲಿ ಉಪ್ಪಿನಕಾಯಿ ಜಾಡಿಗೂ ತುಂಬಿಸಿ, ಯಾವ ನೀರು ಯಾವ ಕೆಲಸಕ್ಕೆ ಎಂದು ಅಪ್ಪಣೆ ಹೊರಡಿಸುತ್ತಾಳೆ. ನಾನು ಹಲ್ಲುಜ್ಜುವಾಗ ಬಚ್ಚಲ ಹೊರಗೆ ನಿಂತು ಎಷ್ಟು ಸಲ ಬಾಯಿ ಮುಕ್ಕಳಿಸಿದೆನೆಂದು ಎಣಿಸುತ್ತಾಳೆ. (ಮೂರು ಸಲ ಮಾತ್ರ. ನಾಲ್ಕನೆಯದಕ್ಕೆ ಕೆಮ್ಮುತ್ತಾಳೆ.)

ಇಂಥ ಮನೆಯಲ್ಲಿ ಒಂದು ಕಾರಿದೆ. ಬಣ್ಣ ಕಡುನೀಲಿ. ಆದರೆ ಗುರುವಾರ ಜವನಗೊಂಡನಹಳ್ಳಿಯ ಕಡೆ ಹೊಲದ ಕೆಮ್ಮಣ್ಣಿನ ದಾರಿಯಲ್ಲಿ ಹೋಗಿಬಂದ ಮೇಲೆ ಆ ನೀಲಿ ಅದರ ಆರ್‌.ಸಿ. ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಭಾನುವಾರ ಮಧ್ಯಾಹ್ನ ನನ್ನ ಅತ್ತೆ ಈರಕ್ಕನವರು ರಾಮಗಿರಿಯಿಂದ ಬರುವವರಿದ್ದರು. ಅವರನ್ನು ಕೂರಿಸಿಕೊಂಡು ಹಿರಿಯೂರಿಗೆ, ನನ್ನ ನಾದಿನಿಯ ಹೊಸ ಮನೆಯ ಗೃಹಪ್ರವೇಶಕ್ಕೆ ಹೋಗಬೇಕಿತ್ತು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಎರಡು ವರ್ಷದ ಹಿಂದೆ ಕಾರು ಕೊಂಡಾಗ ಅತ್ತೆಯವರೇ ಅದನ್ನು ಮಠಕ್ಕೆ ಒಯ್ಯಿಸಿದ್ದರು. ಸ್ವಾಮಿಗಳು ಹೊರಗೆ ಬಂದು, ತಮ್ಮ ಕೈಯಾರೆ ಬಾನೆಟ್ಟಿನ ಮೇಲೆ ಮೂರೆಳೆ ವಿಭೂತಿ ಹಚ್ಚಿ ಹರಸಿದರು. ಅಂದೇ ಅತ್ತೆ ಶಾಸನ ಮಾಡಿದರು: "ಈ ಮೂರೆಳೆ ಇರೋ ತನಕ ನಾನು ಈ ಗಾಡಿ ಹತ್ತೀನಿ. ಇಲ್ಲಾಂದ್ರೆ ನಂಗೆ ಬಸ್ಸು ಐತೆ."

ಆಶ್ಚರ್ಯವೆಂದರೆ, ಎರಡು ಮಳೆಗಾಲ ಕಳೆದರೂ ಆ ಮೂರೆಳೆ ಮಾಸಲಿಲ್ಲ. ನಾನು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಬಣ್ಣ ಎಷ್ಟು ದಿನ ನಿಲ್ಲುತ್ತದೆ ಎಂಬುದು ನನಗೆ ಗೊತ್ತಿರುವ ವಿಷಯ. ಇದು ಬಣ್ಣದ ಲೆಕ್ಕಕ್ಕೆ ಸಿಗುವಂಥದ್ದಲ್ಲ ಎಂದು ಸ್ಟಾಫ್‌ರೂಮಿನಲ್ಲಿ ಸಾರಿದ್ದೆ. ವಿಜ್ಞಾನದ ಕೊಟ್ರೇಶ್ ಸುಣ್ಣ, ಬೂದಿ, ರಾಸಾಯನಿಕ ಕ್ರಿಯೆ ಎಂದೇನೋ ಶುರುಮಾಡಿದಾಗ, "ಹಂಗಾದ್ರೆ ನೀನೇ ಹಚ್ಚಿ ನಿಲ್ಲಿಸಿ ತೋರ್ಸು" ಎಂದು ಬಾಯಿ ಮುಚ್ಚಿಸಿದ್ದೆ. ದಿನಾ ಕಾರು ತೆಗೆಯುವ ಮೊದಲು ಆ ಗುರುತಿಗೆ ಕೈ ಮುಗಿಯುವುದು ನನ್ನ ರೂಢಿ.

ಭಾನುವಾರ ಬೆಳಿಗ್ಗೆ ಮಮತಾ ಉಡಿ ತುಂಬುವ ಸಾಮಾನು ತರಲು ಸಂತೆಪೇಟೆಗೆ ಹೊರಟಳು.

"ರೀ, ಕಾರು ತೊಳೀರಿ. ಅವ್ವ ಬರೋದ್ರೊಳಗೆ ಆಗಿರ್ಬೇಕು."

"ನೀರು?"

"ಒಂದು ಬಕೆಟ್ಟು."

"ಅಷ್ಟ್ರಾಗೆ ಗಾಲಿನೂ ನೆನೆಯಂಗಿಲ್ಲ ಕಣೆ."

"ಹಂಗಾದ್ರೆ ನೆನೆಸ್ಬ್ಯಾಡ್ರಿ. ಒರೆಸ್ರಿ."

ನನಗೇನೂ ಭಯವಾಗಲಿಲ್ಲ. ಒಂದೇ ಬಕೆಟ್ಟಿನಲ್ಲಿ ಕಾರು ತೊಳೆಯುವ ವಿಧಾನವನ್ನು ಹಿಂದಿನ ದಿನವೇ ಮೊಬೈಲಿನ ವಿಡಿಯೋದಲ್ಲಿ ಕಲಿತಿದ್ದೆ. ನಾಲ್ಕು ಮೆತ್ತನೆ ಬಟ್ಟೆ. ಒಂದೊಂದನ್ನೂ ಎಂಟು ಮಡಿಕೆಯಾಗಿ ಮಡಿಸಬೇಕು. ಕಾರನ್ನು ಮನಸ್ಸಿನಲ್ಲೇ ಹದಿನಾರು ತುಂಡು ಮಾಡಬೇಕು. ತುಂಡಿಗೆ ಎರಡು ಮಡಿಕೆ. ಒಂದರಲ್ಲಿ ಒದ್ದೆ ಒರೆಸು, ಇನ್ನೊಂದರಲ್ಲಿ ಒಣ ಒರೆಸು. ಒಮ್ಮೆ ಕೊಳೆಯಾದ ಮಡಿಕೆ ಮತ್ತೆ ಕಾರಿಗೆ ತಾಗಬಾರದು. ಕೇಳಲು ಎಷ್ಟು ಸುಲಭ. ಆದರೆ ಐದನೆಯ ತುಂಡಿಗೆ ಬರುವಷ್ಟರಲ್ಲಿ ನನ್ನ ಕೈಯಲ್ಲಿದ್ದುದು ಎಷ್ಟನೆಯ ಮಡಿಕೆ, ಅದು ಒದ್ದೆಯದೋ ಒಣದೋ, ಎಡ ಬಾಗಿಲು ಮುಗಿಯಿತೋ ಬಲ ಬಾಗಿಲೋ, ಒಂದೂ ತಿಳಿಯದಾಯಿತು. ಬಟ್ಟೆ ಬಿಡಿಸಿದರೆ ಎಂಟೂ ಕಡೆ ಕೆಂಪಗಿತ್ತು. ಒಂಬತ್ತನೆಯ ಕಡೆಯೂ ಕೆಂಪಗಿತ್ತು. ಎಂಟು ಮಡಿಕೆಯ ಬಟ್ಟೆಗೆ ಒಂಬತ್ತನೆಯ ಕಡೆ ಎಲ್ಲಿಂದ ಬಂತೆಂದು ಇವತ್ತಿಗೂ ಅರ್ಥವಾಗಿಲ್ಲ.

ಎದುರುಮನೆಯ ಮೌಲಾ ಸಾಬ್ ಜಗಲಿಯಲ್ಲಿ ಕೂತು ಕಾರಿನ ಸೀಟಿಗೆ ಕವರು ಹೊಲಿಯುತ್ತಿದ್ದರು. ಅದು ಅವರ ಕಸುಬು.

"ಮೇಷ್ಟ್ರೆ, ಅದೇ ಬಾಗಿಲು ಮೂರನೇ ಸಲ ಒರೆಸ್ತಾ ಇದೀರಿ," ಎಂದರು.

"ಇದು ಬ್ಯಾರೆ ಮಡಿಕೆ ಸಾಬ್ರೆ."

"ಮಡಿಕೆ ಬ್ಯಾರೆ ಇರ್ಬೋದು. ಬಾಗಿಲು ಅದೇ ಅಲ್ವಾ?"

ನಾನು ಬಾನೆಟ್ಟಿಗೆ ಬಂದೆ. ದೂಳಿನಡಿಯಲ್ಲೂ ಮೂರೆಳೆ ಮಸುಕಾಗಿ ಕಾಣುತ್ತಿತ್ತು. ಅದನ್ನು ಬಿಟ್ಟು ಸುತ್ತಲೂ ಒರೆಸತೊಡಗಿದೆ. ಆಗ ಫೋನು ಬಂತು. ಅತ್ತೆ.

"ಅಳಿಯಂದ್ರೆ, ಬಸ್ಸು ಹೊಳಲ್ಕೆರೆ ಬಿಡ್ತು."

"ಆಗಲಿ ಅತ್ತೆ." (ಅತ್ತೆಯ ಫೋನು ಬಂದಾಗ ನಾನು ನೆಟ್ಟಗೆ ನಿಲ್ಲುತ್ತೇನೆ. ಕಣ್ಣು ತಾನಾಗಿ ಆಕಾಶ ನೋಡುತ್ತದೆ.)

"ಸೀಟು ಸಿಕ್ಕೈತೆ."

"ಸಂತೋಷ ಅತ್ತೆ."

"ಪಕ್ಕದಾಕೆ ಗಂಟು ನನ್ನ ಕಾಲ ಮ್ಯಾಲೆ ಐತೆ."

"ಪಾಪ. ತಗೀರಿ ಅನ್ರಿ ಅತ್ತೆ."

"ಕಾರು ಚೊಕ್ಕ ಮಾಡೀರೇನು?"

"ಅದನ್ನೇ ಒರೆಸ್ತಾ ಇದೀನಿ."

"ಸ್ವಾಮ್ಗಳ ವಿಭೂತಿ ಜ್ವಾಪಾನ."

"ಅದನ್ನ ಮುಟ್ಟೂ ಇಲ್ಲ ಅತ್ತೆ."

ಫೋನು ಇಟ್ಟು ಆಕಾಶದಿಂದ ಕೆಳಗೆ ನೋಡಿದೆ. ಬಾನೆಟ್ಟು ನೀಲಿ ಕೊಳದಂತೆ ಹೊಳೆಯುತ್ತಿತ್ತು. ಅದರೊಳಗೆ ಬಾಯಿ ತೆರೆದ ನನ್ನ ಮುಖ ಸ್ಪಷ್ಟವಾಗಿ ಕಂಡಿತು. ಮುಖಕ್ಕೂ ಆಕಾಶಕ್ಕೂ ನಡುವೆ ಏನೂ ಇರಲಿಲ್ಲ. ನಾನು ಗೌರವದಿಂದ ಮಾತಾಡುತ್ತಿದ್ದಷ್ಟು ಹೊತ್ತೂ ನನ್ನ ಬಲಗೈ ತನ್ನ ಪಾಡಿಗೆ ದುಡಿದಿತ್ತು.

ಬಸ್ಸು ಬರಲು ಇನ್ನೊಂದು ಗಂಟೆ. ಡ್ರಾಯಿಂಗ್ ಮೇಷ್ಟ್ರಿಗೆ ಮೂರು ಗೆರೆ ಎಳೆಯುವುದು ಯಾವ ಮಹಾಕಾರ್ಯ? ದೇವರ ಮನೆಯಿಂದ ವಿಭೂತಿ ಗಟ್ಟಿ ತಂದೆ. ಆದರೆ ಗುರುತು ಎಲ್ಲಿತ್ತು? ನಡುವೆ ಇತ್ತೆಂದು ನನ್ನ ನೆನಪು, ತೆಳ್ಳಗೆ, ನೀಳವಾಗಿ. ಖಚಿತವಾಗಲೆಂದು ಮಠದಲ್ಲಿ ತೆಗೆದ ಫೋಟೋ ಹುಡುಕಿದೆ. ಫೋಟೋದಲ್ಲಿ ಗುರುತು ದಪ್ಪಗೆ, ಗಿಡ್ಡಗೆ, ಒಂದು ಪಕ್ಕದಲ್ಲಿತ್ತು. ಅದೇ ಕಾರು, ಅದೇ ನಾನು, ಪಕ್ಕದಲ್ಲಿ ಅವರೇ ಅತ್ತೆ. ಗುರುತು ಮಾತ್ರ ಬೇರೆ. ಎರಡು ವರ್ಷ ದಿನಾ ಕೈ ಮುಗಿದದ್ದು ಯಾವುದಕ್ಕೆ?

"ಸಾಬ್ರೆ, ನಮ್ಮ ಕಾರಿನ ವಿಭೂತಿ ನಡುವೆ ಇತ್ತೋ, ಪಕ್ಕದಾಗೋ?"

ಮೌಲಾ ಸಾಬ್ ಸೂಜಿ ನಿಲ್ಲಿಸಿ ನನ್ನನ್ನು ದಿಟ್ಟಿಸಿದರು. "ನಡುವೆ."

"ಫೋಟೋದಾಗೆ ಪಕ್ಕದಲ್ಲೈತೆ."

"ಹಂಗಾದ್ರೆ ಪಕ್ಕದಾಗೆ ಇದ್ದಿರ್ಬೇಕು."

"ಎರಡೂ ಹೆಂಗಾಗ್ತದೆ?"

"ನನ್ನ ಕೇಳ್ಬ್ಯಾಡ್ರಿ ಮೇಷ್ಟ್ರೆ. ನಿಮ್ಮ ಮನ್ಯೋರನ್ನ ಕೇಳ್ರಿ," ಎಂದು ಹೊಲಿಗೆಗೆ ಬಗ್ಗಿದರು.

ನಾನು ಫೋಟೋವನ್ನೇ ನಂಬಿದೆ. ವಿಭೂತಿ ತೇಯ್ದು ಮೂರು ಬೆರಳಲ್ಲಿ ಎಳೆದೆ. ಏನೂ ಮೂಡಲಿಲ್ಲ. ಮತ್ತೆ ತೇಯ್ದು ಎಳೆದೆ. ಇಲ್ಲ. ಇನ್ನಷ್ಟು ಗಟ್ಟಿಯಾಗಿ ಮೆತ್ತಿದೆ. ಒದ್ದೆ ವಿಭೂತಿ ಒಣಗಿದ ಮೇಲಷ್ಟೇ ಬೆಳ್ಳಗಾಗುವುದೆಂದು, ಐವತ್ತು ವರ್ಷ ಹಣೆಗೆ ಹಚ್ಚಿಕೊಂಡವನಿಗೆ ಆಗ ಹೊಳೆಯಲಿಲ್ಲ. ಬಿಸಿಲು ತನ್ನ ಕೆಲಸ ಮಾಡಿತು. ಒಂದೊಂದಾಗಿ ಗೆರೆಗಳು ಎದ್ದು ಬಂದವು. ಎಣಿಸಿದೆ, ಹನ್ನೊಂದು. ಮೂರು ಮೂರಾಗಿ ಎಳೆದದ್ದು ಹನ್ನೊಂದು ಹೇಗಾಯಿತೋ ನಾನರಿಯೆ. ಒಳಗೆ ಮುಟ್ಟಲು ನನಗೆ ಅಧಿಕಾರವಿದ್ದ ನೀರು ಮುಗಿದಿತ್ತು. ಬಕೆಟ್ಟಿನಲ್ಲಿ ಉಳಿದಿದ್ದುದು ಕೆಸರು. ಹಾಗಾಗಿ ನಡುವಿನ ಸಂದುಗಳಿಗೂ ವಿಭೂತಿ ತುಂಬಿ, ಹನ್ನೊಂದನ್ನು ಮೂರು ಮಹಾರೇಖೆಗಳಾಗಿ ಕೂಡಿಸಿದೆ. ಎಮ್ಮೆಯ ನಾಲಿಗೆಯಷ್ಟು ಅಗಲದವು.

ಅಷ್ಟರಲ್ಲಿ ಮಮತಾ ಬಂದಳು. ಚೀಲ ಕೆಳಗಿಡದೆ ಬಾನೆಟ್ಟನ್ನೇ ನೋಡಿದಳು.

"ಇದ್ಯಾರ್ರಿ ಹಚ್ಚಿದ್ದು?"

"ಸ್ವಾಮ್ಗಳು," ಎಂದೆ.

"ಯಾವಾಗ ಬಂದಿದ್ರು?"

"ಎರಡು ವರ್ಷದ ಹಿಂದೆ ಹಚ್ಚಿದ್ದಲ್ವೇನೆ..."

"ಸ್ವಾಮ್ಗಳು ಹಚ್ಚಿದ್ದು ನಾಕನೇ ದಿನದ ಮಳೇಗೆ ಹೋತು. ಅವತ್ತಿಂದ ಸೋಮವಾರ ಸೋಮವಾರ ರಂಗೋಲಿ ಹಾಕೋವಾಗ ನಾನೇ ಹಚ್ತೀನಿ. ನೀವು ವಾಕಿಂಗ್ ಅಂತ ಕೋಟೆ ಕಡೆ ಹೋಗಿರ್ತೀರಿ."

ಎರಡು ಮಳೆಗಾಲ, ಸ್ಟಾಫ್‌ರೂಮು, ಕೊಟ್ರೇಶ್, ಬೆಳಬೆಳಗಿನ ಕೈಮುಗಿತ, ಎಲ್ಲವೂ ಸಾಲಾಗಿ ಮುಂದೆ ಬಂದು ನಿಂತವು.

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ಹೊಸ ಕಾರು ತಂದಾಗ ಹೆಂಗೆ ಓಡಿಸ್ತಿದ್ರಿ, ನೆನಪೈತಾ? ಅದಕ್ಕೆ ಕೈ ಮುಗಿಯಾಕೆ ಶುರು ಮಾಡಿದ ಮ್ಯಾಲೆ ನಲವತ್ತು ದಾಟ್ಲಿಲ್ಲ ನೀವು. ಹೇಳಿ ಯಾಕೆ ಕೆಡಿಸ್ಲಿ ಅಂತ ಸುಮ್ನಿದ್ದೆ."

ಅದಕ್ಕೆ ಕೋಪಿಸಿಕೊಳ್ಳಬೇಕೋ, ಕರಗಬೇಕೋ ತಿಳಿಯದೆ ನಿಂತೆ. ಅವಳು ಬಟ್ಟೆ ತೆಗೆದುಕೊಂಡು ಉಜ್ಜಿದಳು. ನನ್ನ ರೇಖೆಗಳು ಅಲ್ಲಾಡಲಿಲ್ಲ.

"ಗಾರೆ ಬಳಿದಂಗೆ ಬಳಿದೀರಲ್ರಿ. ಅವ್ವ ನೋಡಿದ್ರೆ ಇನ್ನು ಈ ಜನ್ಮದಾಗೆ ಈ ಗಾಡಿ ಹತ್ತಲ್ಲ," ಎನ್ನುತ್ತ ಒಳಗೆ ಹೋದವಳು ಸೊಂಟದ ಮೇಲೆ ತುಂಬಿದ ಕೊಡ ಹೊತ್ತು ಬಂದಳು. ನಾನು ಬೇಡ ಎನ್ನುವಷ್ಟರಲ್ಲಿ ಕೊಡ ಬಾನೆಟ್ಟಿನ ಮೇಲೆ ಬೋರಲಾಯಿತು. ಎರಡನೆಯದು ಬಂತು. ಮೂರನೆಯದೂ ಬಂತು. ಮೂರು ಗಂಟೆ ಕಾಲ ಮಡಿಕೆ ಎಣಿಸಿ ನಾನು ಉಳಿಸಿದ ನೀರೆಲ್ಲ, ಅದರಜ್ಜನ ನೀರೂ ಸೇರಿ, ಬೀದಿ ದಾಟಿ ಮೌಲಾ ಸಾಬರ ಜಗಲಿಯ ಕಡೆ ಹರಿಯಿತು. ಅವರು ಕಾಲು ಮೇಲೆತ್ತಿಕೊಂಡು ಹೊಲಿಗೆ ಮುಂದುವರಿಸಿದರು.

ಮಮತಾ ಸೆರಗಿನಿಂದ ಬಾನೆಟ್ಟು ಒರೆಸಿ, ವಿಭೂತಿ ತೇಯ್ದು, ಮೂರು ಬೆರಳು ಇಟ್ಟು ಒಮ್ಮೆ ಎಳೆದಳು. ಅಷ್ಟೇ. ಒಂದು ಉಸಿರಿನಷ್ಟು ಹೊತ್ತು. ಮೂವತ್ತು ವರ್ಷ ಬೋರ್ಡಿನ ಮೇಲೆ ಗೆರೆ ಎಳೆದ ನಾನು, ಅಂಥ ಗೆರೆ ಒಂದನ್ನೂ ಎಳೆದಿಲ್ಲ. ಅವಳು ಕೊಡ ಎತ್ತಿಕೊಂಡು ಒಳಗೆ ಹೋದಳು. ಬಿಸಿಲಿಗೆ ಗೆರೆಗಳು ನಿಧಾನವಾಗಿ ಬೆಳ್ಳಗಾದವು.

ಆಟೋ ಬಂದು ನಿಂತಿತು. ಅತ್ತೆ ಇಳಿದವರೇ ಬಾನೆಟ್ಟಿನ ಮುಂದೆ ನಿಂತು ಗಲ್ಲ ಮುಟ್ಟಿಕೊಂಡರು.

"ನೋಡ್ರಿ ಅಳಿಯಂದ್ರೆ, ಎಲ್ಡು ವರ್ಷ ಆದ್ರೂ ನಿನ್ನೆ ಹಚ್ಚಿದಂಗೈತೆ. ಸ್ವಾಮ್ಗಳ ಕೈ ಅಂದ್ರೆ ಸುಮ್ನೆ ಅಲ್ಲ."

"ಹೌದತ್ತೆ," ಎಂದೆ.

ಅವರು ಒಂದು ಹೆಜ್ಜೆ ಇಟ್ಟರು. ಚಪ್ಪಲಿ ನೀರಿನಲ್ಲಿ ಚಪ್ಪೆಂದಿತು. ಕೆಳಗೆ ನೋಡಿದರು. ಬೀದಿಯುದ್ದಕ್ಕೂ ನೋಡಿದರು. ಆಮೇಲೆ ಕೈಯಲ್ಲಿ ಬಟ್ಟೆ ಹಿಡಿದು ನಿಂತಿದ್ದ ನನ್ನನ್ನು ನೋಡಿದರು.

"ಏನ್ರಿ ಇದು? ಕುಡಿಯಾ ನೀರಿಗೆ ಆರು ದಿನ ಕಾಯೋ ಊರಾಗೆ, ಕಾರಿಗೆ ಕೊಡಗಟ್ಲೆ ಸುರಿದೀರಲ್ಲ."

ನಾನು ಬಾಯಿ ತೆರೆದೆ. ನೀರಿನ ಸತ್ಯ ಹೇಳಬೇಕಾದರೆ ವಿಭೂತಿಯ ಸತ್ಯವನ್ನೂ ಹೇಳಬೇಕು. ಅದನ್ನು ಹೇಳಿದರೆ ಅತ್ತೆಗೆ ಬಸ್ಸು, ನಾದಿನಿಗೆ ಕಣ್ಣೀರು, ನನಗೆ ಮುಂದಿನ ಹತ್ತು ವರ್ಷ ಅದೇ ಮಾತು. ಬಾಗಿಲಲ್ಲಿ ಬಂದು ನಿಂತಿದ್ದ ಮಮತಾಳನ್ನು ಆಸೆಯಿಂದ ನೋಡಿದೆ.

"ನಾನೂ ದಿನಾ ಹೇಳ್ತೀನಿ ಅವ್ವ. ಕೇಳಿದ್ರೆ ತಾನೆ," ಎಂದಳು ಮಮತಾ.

"ತಪ್ಪಾತು ಅತ್ತೆ. ಇನ್ಮ್ಯಾಲೆ ಒಂದೇ ಬಕೆಟ್ನಾಗೆ ತೊಳೀತೀನಿ."

"ಒಂದು ಬಕೆಟ್ಟಾ? ಒಂದು ಚೊಂಬು ಸಾಲಾಕಿಲ್ವಾ?" ಅತ್ತೆ ಮಗಳ ಕಡೆ ತಿರುಗಿದರು. "ಇವ್ರು ಯಾವಾಗ್ಲೂ ಹಿಂಗೇನಾ?"

"ಯಾವಾಗ್ಲೂ," ಎಂದು ಮಮತಾ ಅವರ ಕೈಚೀಲ ತೆಗೆದುಕೊಂಡು ಒಳಗೆ ನಡೆದಳು.