ಎಲ್ಡನ್ ಎಲ್ಡನ್ನೇ ಎಂಬುದಕ್ಕೆ ಸಾಕ್ಷಿ

ಚುನಾವಣೆಯ ದಿನ ಬೆಳಿಗ್ಗೆ ಎಲ್ಡನ್ ಬೊಯ್ಚುಕ್‌ನ ಪರ್ಸು ಸಸ್ಕಟೂನ್ ನಗರಕ್ಕೆ ಹೋಯಿತು. ಎಲ್ಡನ್ ಮನೆಯಲ್ಲೇ ಉಳಿದ. ಪರ್ಸು ಅವನ ಟ್ರಕ್ಕಿನ ಸೀಟಿನ ಮೇಲಿತ್ತು. ಟ್ರಕ್ಕನ್ನು ಹೆಂಡತಿ ಗ್ಲೆಂಡಾ ಓಡಿಸುತ್ತಿದ್ದಳು. ಗ್ಲೆಂಡಾಳ ತಂಗಿಗೆ ಅಲ್ಲಿನ ಆಸ್ಪತ್ರೆಯಲ್ಲಿ ಕಣ್ಣಿನ ಆಪರೇಷನ್ ಇತ್ತು, ವಾಪಸಾಗುವುದು ಮರುದಿನವೇ. ಅವಳು ಹಿಂದಿನ ವಾರವೇ ಮುಂಗಡ ಮತದಾನದಲ್ಲಿ ವೋಟು ಹಾಕಿ ಕೈತೊಳೆದುಕೊಂಡಿದ್ದಳು. ಎಲ್ಡನ್ ಮಾತ್ರ, ಚುನಾವಣೆಯ ದಿನ ಬಿಟ್ಟು ಬೇರೆ ದಿನ ವೋಟು ಹಾಕುವುದು ಕ್ರಿಸ್ಮಸ್ಸಿಗೆ ಮುಂಚೆ ಉಡುಗೊರೆ ಬಿಚ್ಚಿದ ಹಾಗೆ ಎಂದು ಹಟ ಹಿಡಿದಿದ್ದ.

ದಾರಿಯಿಂದ ಗ್ಲೆಂಡಾ ಫೋನ್ ಮಾಡಿ, ಪಕ್ಕದ ಮನೆ ಮೇವಿಸ್ ಹಣ್ಣಿನ ಪೈ ಇಟ್ಟು ಕೊಟ್ಟಿದ್ದ ತಟ್ಟೆ ಅಡುಗೆಮನೆಯಲ್ಲೇ ಉಳಿದಿದೆ, ಮರೆಯದೆ ವಾಪಸ್ ಕೊಡು ಎಂದಳು.

"ಖಾಲಿ ಕೊಡಬೇಡ ಮತ್ತೆ. ಏನಾದ್ರೂ ಹಾಕಿ ಕೊಡು. ಆಮೇಲೆ ಊರೆಲ್ಲ ನನ್ನ ಬಗ್ಗೆ ಆಡ್ಕೊಳ್ಳುತ್ತೆ."

ಅವರ ಊರಾದ ಡನ್‌ಬ್ರೂಕಿನಲ್ಲಿ ಕಾನೂನುಗಳು ಎರಡು ಬಗೆ. ಒಂದು ದೇಶದ ರಾಜಧಾನಿ ಆಟವಾದಿಂದ ಬಂದದ್ದು, ಅದರ ಬಗ್ಗೆ ಚರ್ಚೆ ಮಾಡಬಹುದು. ಇನ್ನೊಂದು ಪಕ್ಕದ ಮನೆಯ ತಟ್ಟೆಯದು, ಅದರ ಬಗ್ಗೆ ಚರ್ಚೆಯಿಲ್ಲ.

ಎಲ್ಡನ್ನನ ಅಭಿಪ್ರಾಯಗಳೋ, ಊರಿನ ನೀರಿನ ಟ್ಯಾಂಕಿನ ಹಾಗೆ. ಎತ್ತರದಲ್ಲಿದ್ದವು, ಎಲ್ಲ ಕಡೆಯಿಂದ ಕಾಣುತ್ತಿದ್ದವು, ಒಮ್ಮೆ ನಲ್ಲಿ ತಿರುಗಿಸಿದರೆ ನಿಲ್ಲುತ್ತಿರಲಿಲ್ಲ. ಕೋ-ಆಪ್ ಅಂಗಡಿಯ ಕಾಫಿ ಮೂಲೆಯಲ್ಲಿ ದಿನಾ ಬೆಳಿಗ್ಗೆ ಅವು ಉಚಿತವಾಗಿ ಸಿಗುತ್ತಿದ್ದವು. ರಾಜಧಾನಿಯವರು ಗೋಧಿ ಬೇಕರಿಯಲ್ಲಿ ಬೆಳೆಯುತ್ತದೆ ಅಂದುಕೊಂಡಿದ್ದಾರೆ. ಒದ್ದೆ ಕಾಳು ಒಣಗಿಸಲು ಗ್ಯಾಸು ಉರಿಸಿದರೆ ಅದಕ್ಕೂ ತೆರಿಗೆ ಹಾಕಿದವರು ನಾಳೆ ಬಟ್ಟೆ ಒಣಹಾಕಿದರೆ ಗಾಳಿಗೂ ಹಾಕುತ್ತಾರೆ. ದೇಶದ ಪೂರ್ವ ಪ್ರಾಂತ್ಯಗಳವರ ವೋಟು ಎಣಿಸಿದ ಮೇಲೆ ನಮ್ಮ ವೋಟು ಎಣಿಸುವುದು ಶಾಸ್ತ್ರಕ್ಕೆ. ಇವೆಲ್ಲದರ ಬುಡದಲ್ಲಿ ಒಂದೇ ನಂಬಿಕೆ: ಮನುಷ್ಯ ಯಾರಿಂದಲೂ ಬಿಟ್ಟಿ ತಗೋಬಾರದು, ತಗೊಂಡರೆ ತೀರಿಸಬೇಕು. ಸರ್ಕಾರ ಕೆಟ್ಟದ್ದು ಯಾಕೆಂದರೆ ಅದು ಬಿಟ್ಟಿ ಕೊಟ್ಟು ಜನರನ್ನು ಋಣದಲ್ಲಿಡುತ್ತದೆ. ಎಲ್ಡನ್ ಇಷ್ಟು ವರ್ಷ ಬದುಕಿದ್ದು ಕನ್ಸರ್ವೇಟಿವ್ ಆಗಿ, ಯಾರ ಹಂಗೂ ಇಲ್ಲದೆ. ಎರಡೂ ಒಂದೇ ಎಂಬುದು ಅವನ ಲೆಕ್ಕ.

ಇನ್ನೊಂದು ಅಭಿಪ್ರಾಯವನ್ನು ಅವನು ಚುನಾವಣೆಗೆಂದೇ ಉಪ್ಪಿನಕಾಯಿ ಹಾಗೆ ಇಟ್ಟುಕೊಂಡಿದ್ದ. ಕಾನೂನಿನ ಪ್ರಕಾರ, ಗುರುತಿನ ಕಾಗದವಿಲ್ಲದೆ ಬಂದವರಿಗೂ ಇಲ್ಲಿ ವೋಟುಂಟು. ಅದೇ ಮತಗಟ್ಟೆಯ ಇನ್ನೊಬ್ಬ ಮತದಾರ ತನ್ನ ಕಾಗದ ತೋರಿಸಿ, ಇವರನ್ನು ಬಲ್ಲೆ ಎಂದು ಪ್ರಮಾಣ ಮಾಡಿದರೆ ಸಾಕು. ಒಬ್ಬರು ಒಬ್ಬರಿಗೆ ಮಾತ್ರ. ಇದು ಎಲ್ಡನ್ನನಿಗೆ ಸುತರಾಂ ಒಪ್ಪಿಗೆಯಿರಲಿಲ್ಲ. ಹಿಂದಿನ ಚುನಾವಣೆಯಲ್ಲಿ ಗೆಳೆಯ ಡೆಲ್ಮರನ ಅತ್ತೆ, ಮುದುಕಿ ಓಲ್ಗಾ, ಕೈಚೀಲ ಮರೆತು ಬಂದಾಗ ಇವನು ಮತಗಟ್ಟೆಯಲ್ಲೇ ಗದ್ದಲವೆಬ್ಬಿಸಿದ್ದ. ಕೊನೆಗೆ ಮೇವಿಸ್ ಮುಂದೆ ಬಂದು ಪ್ರಮಾಣ ಮಾಡಿದ್ದಳು.

ಈ ಮೇವಿಸ್ ಹಾಲ್ಬರ್ಗ್, ಪಿಯಾನೋ ಕಲಿಸುವ ವಿಧವೆ, ಊರಿಗೆಲ್ಲ ಒಬ್ಬಳೇ ಲಿಬರಲ್. ಎಲ್ಲರ ಅಂಗಳದಲ್ಲಿ ಕನ್ಸರ್ವೇಟಿವ್ ಪಕ್ಷದ ನೀಲಿ ಫಲಕ ನಿಂತರೆ ಅವಳ ಅಂಗಳದಲ್ಲಿ ಕೆಂಪು, ಹಿಮದಲ್ಲಿ ಬಿದ್ದ ಟೊಮೆಟೊ ಹಾಗೆ. ಪ್ರತಿ ಚುನಾವಣೆಯಲ್ಲೂ ಡನ್‌ಬ್ರೂಕಿನ ಪೆಟ್ಟಿಗೆಯಲ್ಲಿ ಕೆಂಪು ಪಕ್ಷಕ್ಕೆ ಒಂದೇ ಒಂದು ವೋಟು ಬೀಳುತ್ತಿತ್ತು. ಮತದಾನ ಗುಪ್ತವಾದರೂ ಮೇವಿಸಳದು ಮಾತ್ರ ಬಹಿರಂಗ. ನನ್ನ ವೋಟಿಗೆ ಎದುರಾಗಿ ಬಿದ್ದು ಅದನ್ನು ಹೊಡೆದುಹಾಕುವುದು ಇವಳೊಬ್ಬಳ ವೋಟೇ ಎಂದು ಎಲ್ಡನ್ ಬೇಲಿಯಾಚೆಯಿಂದ ಗೊಣಗುತ್ತಿದ್ದ. ಅವಳು ಬೇಲಿಯ ಮೇಲಿಂದಲೇ ಪೈ ಕೊಟ್ಟು ಸಮಾಧಾನ ಮಾಡುತ್ತಿದ್ದಳು.

ಕಾಳು ಬಿತ್ತುವ ಕಾಲ. ಹೊಲ ನೋಡಿಕೊಳ್ಳುವ, ಪಕ್ಕದ ಊರಿನಲ್ಲಿರುವ ಅಳಿಯನಿಗೆ ಮಧ್ಯಾಹ್ನದವರೆಗೂ ಒಂದಿಷ್ಟು ಕೈಹಚ್ಚಿ, ನೀಲಿ ಟೋಪಿ ಹಾಕಿಕೊಂಡು ಎಲ್ಡನ್ ಮತಗಟ್ಟೆಗೆ ನಡೆದ. ಮತಗಟ್ಟೆಯೆಂದರೆ ಊರಿನವರು ಐಸಿನ ಮೇಲೆ ಕಲ್ಲು ಜಾರಿಸಿ ಆಡುವ ಕರ್ಲಿಂಗ್ ಆಟದ ಅಂಗಣ. ಚಳಿಗಾಲ ಮುಗಿದು ಐಸು ತೆಗೆದಿದ್ದರೂ ಒಳಗಿನ ಚಳಿ ಮಾತ್ರ ಬಾಡಿಗೆ ಕೊಡದೆ ಉಳಿದುಕೊಂಡಿತ್ತು. ಬಾಗಿಲಲ್ಲೇ ಅಭ್ಯರ್ಥಿಯ ಹೆಸರಿದ್ದ ಟೋಪಿ ತೆಗೆಯಲು ಹೇಳಿದರು. ತೆಗೆದ. ಮೇಜಿನ ಹಿಂದೆ ಕೂತಿದ್ದವಳು ಟ್ಯಾಮಿ, ಎದುರು ಬೀದಿಯ ಹುಡುಗಿ. ಗುರುತಿನ ಚೀಟಿ ಕೇಳಿದಳು. ಎಲ್ಡನ್ ಹಿಂದಿನ ಕಿಸೆ ತಟ್ಟಿದ, ಮುಂದಿನ ಕಿಸೆ ತಟ್ಟಿದ, ಎದೆ ತಟ್ಟಿದ. ಎದೆ ಮಾತ್ರ ಬಡಿದುಕೊಂಡಿತು.

"ಟ್ಯಾಮಿ, ನಿನಗೆ ಸ್ಕೇಟಿಂಗ್ ಕಲಿಸಿದ್ದು ಯಾರು?"

"ನೀವೇ ಅಂಕಲ್."

"ಹಂಗಾದ್ರೆ ನಾನು ಯಾರು?"

"ನೀವ್ಯಾರು ಅಂತ ನನಗೆ ಗೊತ್ತು. ಈ ಮೇಜಿಗೆ ಗೊತ್ತಿಲ್ಲ."

ನೀಲಿ ಪಕ್ಷದ ಪರವಾಗಿ ಎಣಿಕೆ ನೋಡಲು ಕೂತಿದ್ದ ಗಾರ್ತ್ ಇದನ್ನೆಲ್ಲ ಐಸ್‌ಕ್ರೀಮು ತಿನ್ನುವವನ ಹಾಗೆ ಸವಿಯುತ್ತಿದ್ದ. ನೀನಾದರೂ ನನಗೆ ಪ್ರಮಾಣ ಮಾಡು ಎಂದು ಎಲ್ಡನ್ ಪಿಸುಗುಟ್ಟಿದ. ಗಾರ್ತ್ ಇರುವುದು ರೈಲು ಹಳಿಯ ಆಚೆ; ಅವನ ವೋಟು ಬೇರೆ ಮತಗಟ್ಟೆಗೆ ಸೇರಿದ್ದು. ಬೆಳಿಗ್ಗೆಯೇ ಅಲ್ಲಿ ಹಾಕಿ ಬಂದಿದ್ದನಂತೆ.

ಎಲ್ಡನ್ ಮನೆಗೆ ಓಡಿ ಕಾಗದ ಹುಡುಕಿದ. ಕರೆಂಟು ಬಿಲ್ಲು ಗ್ಲೆಂಡಾಳ ಹೆಸರಿನಲ್ಲಿತ್ತು, ಫೋನು ಗ್ಲೆಂಡಾಳದು, ನೀರು ಗ್ಲೆಂಡಾಳದು. ನನ್ನ ಹೆಸರು ಯಾವ ಕಚೇರಿಯಲ್ಲೂ ಇರಕೂಡದು ಎಂದು ಹಿಂದೊಮ್ಮೆ ಇವನೇ ಘೋಷಿಸಿದ್ದ. ಕಚೇರಿಗಳು ಅದನ್ನು ಪಾಲಿಸಿದ್ದವು. ಊರಲ್ಲಿ ಲೈಬ್ರರಿ ಯಾಕೆ ಎಂದು ಹೋರಾಡಿದ್ದರಿಂದ ಲೈಬ್ರರಿ ಕಾರ್ಡೂ ಇರಲಿಲ್ಲ. ಚುನಾವಣೆಯವರು ಅಂಚೆಯಲ್ಲಿ ಕಳಿಸಿದ ಮಾಹಿತಿ ಕಾರ್ಡು ಲಿಬರಲ್ಲರ ಕರಪತ್ರಗಳ ಜೊತೆ ಬಂದಿದ್ದರಿಂದ ಎಲ್ಲವನ್ನೂ ಒಟ್ಟಿಗೆ ಹಿತ್ತಲ ಪೀಪಾಯಿಗೆ ಹಾಕಿ ಸುಟ್ಟಿದ್ದ. ಗ್ಲೆಂಡಾಳ ಫೋನು ಆಸ್ಪತ್ರೆಯಲ್ಲಿ ಬಾಯಿ ಮುಚ್ಚಿಕೊಂಡಿತ್ತು. ಮೇಜಿನ ಮೇಲೆ ಮೇವಿಸಳ ತಟ್ಟೆ ಮಾತ್ರ ಇವನನ್ನೇ ನೋಡುತ್ತಿತ್ತು.

ಕಾಫಿ ಮೂಲೆಯಲ್ಲಿ ಸುದ್ದಿ ಇವನಿಗಿಂತ ಮೊದಲೇ ಬಂದು ಕೂತಿತ್ತು. ಡೆಲ್ಮರ್ ಪ್ರಮಾಣ ಮಾಡಬಹುದಿತ್ತು, ಆದರೆ ಬೆಳಿಗ್ಗೆ ಅತ್ತೆಗೆ ಮಾಡಿ ಮುಗಿಸಿದ್ದ.

"ಹೋದ ಸಲ ನೀನು ಮಾಡಿದ ರಂಪಕ್ಕೆ ಹೆದರಿ ಈ ಸಲ ನಾನೇ ಜೊತೆಗೆ ಹೋಗಿ ಕೈಯೆತ್ತಿ ಹೇಳ್ದೆ ಕಣಯ್ಯ. ಒಬ್ಬರಿಗೆ ಒಂದೇ ಅಂತಲ್ಲ. ನಿಮ್ಮಮ್ಮ ಬೇಡ, ನಮ್ಮ ಎಲ್ಡನ್ ಬೇಕು ಅಂತ ಹೇಗೆ ಹೇಳಲಿ ಮನೇಲಿ?"

ಉಳಿದವರೆಲ್ಲ ಹಳಿಯಾಚೆಯ ಮತಗಟ್ಟೆಯವರು, ಪ್ರಮಾಣಕ್ಕೆ ಒದಗುವವರಲ್ಲ; ಇವನ ಅಭಿಪ್ರಾಯಗಳನ್ನು ಇವನಿಗೇ ಬಿಸಿಬಿಸಿಯಾಗಿ ಬಡಿಸಿದರು. ಕಾಗದವಿಲ್ಲದವನಿಗೆ ವೋಟು ಯಾಕೆ ಎಂದು ಒಬ್ಬ. ನಾಳೆ ಯಾರು ಬೇಕಾದರೂ ಬಂದು ನಾನು ಎಲ್ಡನ್ ಎನ್ನಬಹುದು ಎಂದು ಇನ್ನೊಬ್ಬ. ಯಾರು ಬೇಕೆಂದು ಬಂದು ಎಲ್ಡನ್ ಆಗುತ್ತಾರೆ ಎಂದು ಮತ್ತೊಬ್ಬ. ನಗು ಮುಗಿದ ಮೇಲೆ ಎಲ್ಲರೂ ಸೇರಿ ಸಲಹೆಗೆ ಇಳಿದರು. ಕೊನೆಗೆ ಡೆಲ್ಮರನೇ ನೆನಪಿಸಿದ: ಚರ್ಚಿನ ಅಂಗಳದಲ್ಲಿ ಗ್ಲೆಂಡಾ ಮತ್ತು ಎಲ್ಡನ್ ಮುಂಚಿತವಾಗಿ ನಿಲ್ಲಿಸಿಟ್ಟಿರುವ ಸಮಾಧಿ ಕಲ್ಲಿದೆ, ಅದರ ಮೇಲೆ ಇವನ ಹೆಸರು, ಹುಟ್ಟಿದ ದಿನ ಎಲ್ಲ ಕೆತ್ತಿದೆ, ಹೋಗುವ ದಿನ ಮಾತ್ರ ಬಾಕಿ. ಅದರ ಫೋಟೋ ತೆಗೆದು ಮತಗಟ್ಟೆಗೆ ಹೋದರು.

ಟ್ಯಾಮಿ ಫೋಟೋವನ್ನು ಗಂಭೀರವಾಗಿ ನೋಡಿದಳು. "ಹೆಸರಿದೆ ಅಂಕಲ್. ವಿಳಾಸ ಇಲ್ಲ."

"ಅದೇ ಕಣಮ್ಮ ನನ್ನ ಖಾಯಂ ವಿಳಾಸ."

"ಈಗ ಅಲ್ಲಿ ವಾಸ ಇದ್ದೀರಾ?"

ಎಲ್ಡನ್ ಗೋಡೆ ಪಕ್ಕದ ಬೆಂಚಿನ ಮೇಲೆ ಕುಸಿದ. ಅವನ ಮತಗಟ್ಟೆಯವರೆಲ್ಲ ಆಗಲೇ ವೋಟು ಹಾಕಿ ಬಿತ್ತನೆಗೆ ಹೊಲಕ್ಕೆ ಹೋಗಿದ್ದರು, ಹೊಸದಾಗಿ ಯಾರೂ ಬರುತ್ತಿರಲಿಲ್ಲ. ಬಾಗಿಲು ಮುಚ್ಚುವ ಹೊತ್ತು ಹತ್ತಿರವಾಗುತ್ತಿತ್ತು. ಒಂದೇ ಒಂದು ಚುನಾವಣೆಯನ್ನೂ ಬಿಡದ ಮನುಷ್ಯ, ಎಲ್ಲಕ್ಕಿಂತ ದೊಡ್ಡ ಚುನಾವಣೆ ಎಂದು ತಾನೇ ಸಾರಿದ ದಿನ, ಬೂಟಿನ ಕೆಸರು ನೋಡುತ್ತಾ ಕೂತಿದ್ದ.

ಆಗ ಬಂದಳು ಮೇವಿಸ್, ಕೆಂಪು ಕೋಟು ತೊಟ್ಟು. ನನ್ನ ಟೋಪಿ ತೆಗೆಸಿದಿರಿ, ಇದನ್ನು ಬಿಟ್ಟಿರಲ್ಲ ಎಂದು ಎಲ್ಡನ್ ತಕರಾರು ತೆಗೆದ. ಕೋಟಿನ ಮೇಲೆ ಏನೂ ಬರೆದಿಲ್ಲ ಎಂದು ಟ್ಯಾಮಿ ಹೇಳಿದಳು. ಮೇವಿಸ್ ವಿಷಯ ಕೇಳಿ ತಿಳಿದುಕೊಂಡಳು, ಚಾಲನಾ ಪರವಾನಗಿ ತೆಗೆದು ಮೇಜಿನ ಮೇಲಿಟ್ಟಳು, ಬಲಗೈ ಎತ್ತಿದಳು.

"ಇವನು ಎಲ್ಡನ್ ಬೊಯ್ಚುಕ್. ನಮ್ಮ ಬೇಲಿ ಪಕ್ಕದೋನು. ಇವನಲ್ಲ ಅಂದುಬಿಡೋಣ ಅಂತ ಎಷ್ಟೋ ಸಲ ಅನ್ನಿಸಿದೆ, ಆದ್ರೆ ಇವನೇ."

ಗಾರ್ತ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ಎಲ್ಡನ್ನನ ಕಿವಿ ಅವಳ ಕೋಟಿನ ಬಣ್ಣಕ್ಕೆ ತಿರುಗಿತು.

"ನನ್ನ ವೋಟು ನಿನ್ನ ವೋಟನ್ನ ಹೊಡೆಯುತ್ತೆ ಮೇವಿಸ್. ಸುಮ್ನೆ ಹೋಗಿದ್ರೆ ಒಂದು ಉಳೀತಿತ್ತು ನಿನಗೆ."

"ನನ್ನ ಹತ್ರ ಚೀಟಿ ಇದೆ, ನಿನ್ನ ಹತ್ರ ಇಲ್ಲ. ಇದ್ದೋರು ಇಲ್ಲದೋರಿಗೆ ಕೊಡಬೇಕು. ಇಷ್ಟು ವರ್ಷ ಬೇಲಿ ಹತ್ರ ನಿಂತು ನಾನು ಹೇಳ್ತಿದ್ದದ್ದು ಬೇರೆ ಏನಯ್ಯ?"

ಇಬ್ಬರಿಗೂ ಮತಪತ್ರ ಕೊಟ್ಟು ಅಕ್ಕಪಕ್ಕದ ರಟ್ಟಿನ ಮರೆಗಳಿಗೆ ಕಳಿಸಿದರು. ಎಲ್ಡನ್ ಮೊಂಡು ಪೆನ್ಸಿಲ್ ಹಿಡಿದು ನಿಂತ. ನೀಲಿಯವನ ಹೆಸರು ಅಲ್ಲೇ ಇತ್ತು, ಎಂದಿನ ಹಾಗೆ. ಕೈ ಮಾತ್ರ ಇಳಿಯಲಿಲ್ಲ. ಈ ಮತಪತ್ರ ನನ್ನದಲ್ಲ, ಅವಳು ಕೊಟ್ಟದ್ದು ಎಂಬ ಯೋಚನೆ ಬೂಟಿನೊಳಗಿನ ಕಲ್ಲಿನ ಹಾಗೆ ಹೊಕ್ಕಿತ್ತು. ಯಾರಿಂದಲೂ ಬಿಟ್ಟಿ ತಗೋಬಾರದು, ತಗೊಂಡರೆ ತೀರಿಸಬೇಕು. ಅಡುಗೆಮನೆಯ ಮೇಜಿನ ಮೇಲಿದ್ದ ಖಾಲಿ ತಟ್ಟೆ ಕಣ್ಣೆದುರು ಬಂತು. ಪಕ್ಕದ ಮರೆಯಲ್ಲಿ ಮೇವಿಸಳ ಪೆನ್ಸಿಲ್ಲೂ ಯಾಕೋ ತಡಮಾಡುತ್ತಿತ್ತು. ಈ ಕ್ಷೇತ್ರದಲ್ಲಿ ನೀಲಿ ಹೇಗೂ ಗೆಲ್ಲುತ್ತದೆ. ಕಣಜದಿಂದ ಒಂದು ಕಾಳು ಹೋದರೆ ಯಾರಿಗೆ ತಿಳಿದೀತು? ತತ್ವ ಎಂದರೆ ತತ್ವ. ಕನ್ಸರ್ವೇಟಿವ್ ಆದವನು ಋಣ ಉಳಿಸಿಕೊಳ್ಳುವುದಿಲ್ಲ.

ಅವನ ಗುರುತು ಎಲ್ಲಿ ಬಿತ್ತು ಎಂಬುದು ಕಾನೂನಿನ ಪ್ರಕಾರ ಗುಟ್ಟು. ಆದರೆ ಆ ಕಾನೂನು ಕತೆಗಾರರಿಗೆ ಅನ್ವಯಿಸುವುದಿಲ್ಲ. ಕೆಂಪಿನವನ ಮುಂದೆ ಬಿತ್ತು.

ಹೊರಗೆ ಬಂದು ಟೋಪಿ ಹಾಕಿಕೊಂಡಾಗ ಅದು ಸ್ವಲ್ಪ ಬಿಗಿಯಾದಂತಿತ್ತು. ಅಲ್ಲಿಂದ ಶುರುವಾಯಿತು ಹೊಸ ಭಯ. ಸಂಜೆ ಪೆಟ್ಟಿಗೆ ತೆರೆದಾಗ ಕೆಂಪು ವೋಟು ಎರಡಾಗಿರುತ್ತದೆ. ಒಂದು ಮೇವಿಸಳದು. ಇನ್ನೊಂದು ಯಾರದು ಎಂದು ಊರು ಹುಡುಕಲು ಹೊರಡುತ್ತದೆ. ಡನ್‌ಬ್ರೂಕಿನವರು ಕಳೆದ ಹಸುವನ್ನು ಹುಡುಕದಿದ್ದರೂ ಇಂಥದ್ದನ್ನು ಬಿಡುವವರಲ್ಲ. ಅವಳು ಪ್ರಮಾಣ ಮಾಡಿದ್ದನ್ನು ಗಾರ್ತ್ ಕಣ್ಣಾರೆ ಕಂಡಿದ್ದ. ಎರಡಕ್ಕೆ ಎರಡು ಸೇರಿಸಲು ಅವನಿಗೂ ಬರುತ್ತಿತ್ತು.

ಎಣಿಕೆ ಮುಗಿಯುವವರೆಗೆ ಎಲ್ಡನ್ ಕೋ-ಆಪಿನಲ್ಲಿ ಆರಿದ ಕಾಫಿಯ ಮುಂದೆ ಕೂತಿದ್ದ. ಗಾರ್ತ್ ಒಳಗೆ ಬಂದು ಕೈ ಉಜ್ಜಿಕೊಂಡ. ನೀಲಿಗೆ ಎಂದಿನ ರಾಶಿ, ಮೂರನೆಯದಾದ ಕಿತ್ತಳೆ ಪಕ್ಷಕ್ಕೆ ಬೆರಳೆಣಿಕೆ, ಕೆಂಪಿಗೆ ಒಂದು. "ನಮ್ಮ ಮೇವಿಸ್, ಗಡಿಯಾರ ಇದ್ದ ಹಾಗೆ," ಎಂದ. ಎಲ್ಲರೂ ನಕ್ಕರು. ಹಾಳಾದ ಮತಪತ್ರ ಏನಾದರೂ ಇತ್ತಾ ಎಂದು ಎಲ್ಡನ್ ಸುಮ್ಮನೆ ಕೇಳುವವನಂತೆ ಕೇಳಿದ. ಒಂದೂ ಇರಲಿಲ್ಲ.

ಮೊದಲು ನಿಟ್ಟುಸಿರು ಬಂತು. ಅದರ ಬೆನ್ನಿಗೇ ಕುತೂಹಲ ಬಂತು, ಅದು ನಿಟ್ಟುಸಿರನ್ನು ಪಕ್ಕಕ್ಕೆ ತಳ್ಳಿ ಕೂತಿತು. ಒಳಗೆ ಹೋದದ್ದು ಎರಡು, ಹೊರಗೆ ಬಂದದ್ದು ಒಂದು. ಇನ್ನೊಂದು ಎಲ್ಲಿ? ಮನೆಗೆ ಹೋದವನೇ ಮೇವಿಸಳ ತಟ್ಟೆ ತುಂಬ ತನ್ನ ಕೋಳಿಗಳ ಮೊಟ್ಟೆ ಜೋಡಿಸಿದ, ಇನ್ನೂ ಬೆಳಕಿರುವಾಗಲೇ ಬೇಲಿ ಬಳಸಿ ಹೊರಟ.

ಮೇವಿಸ್ ಅಂಗಳದ ಕೆಂಪು ಫಲಕ ಕೀಳುತ್ತಿದ್ದಳು. ಮುಖದಲ್ಲಿ ಸೋತವರ ಕಳೆಯೇ ಇರಲಿಲ್ಲ. ಮೊಟ್ಟೆ ತೆಗೆದುಕೊಂಡು, ಅತ್ತಿತ್ತ ನೋಡಿ, ದನಿ ತಗ್ಗಿಸಿದಳು.

"ಒಂದು ಗುಟ್ಟು ಹೇಳ್ತೀನಿ, ಗ್ಲೆಂಡಾಗೂ ಹೇಳಬೇಡ. ಇವತ್ತು ನಾನು ನಿನ್ನವನಿಗೆ ಹಾಕಿಬಿಟ್ಟೆ ಕಣೋ."

ಎಲ್ಡನ್ ಬೇಲಿಯ ಗೂಟ ಹಿಡಿದುಕೊಂಡ.

"ಏನ್ಮಾಡ್ಲಿ, ಟೋಪಿ ಇಲ್ಲ, ಪರ್ಸಿಲ್ಲ, ಹೆಂಡ್ತಿ ಇಲ್ಲ, ಅನಾಥನ ಥರ ಕೂತಿದ್ದೆ. ಅಷ್ಟು ಕಷ್ಟಪಟ್ಟು ಕೈಗೆ ಬಂದ ವೋಟನ್ನ ಮರುಗಳಿಗೆಲೇ ನಾನು ಹೊಡೆದುಹಾಕೋದು ಅನ್ಯಾಯ ಅನ್ನಿಸ್ತು. ಒಂದೇ ಒಂದು ಸಲ ಇವನದು ಪೂರ್ತಿ ಎಣಿಕೆಯಾಗಲಿ ಅಂತ ಹಾಕಿದೆ. ಅದಲ್ಲ ವಿಷಯ. ಗಾರ್ತ್ ಏನು ಹೇಳಿದ? ಕೆಂಪಿಗೆ ಒಂದು ಅಂತ ತಾನೇ?"

"ಹೂಂ."

"ಅದು ನಂದಲ್ಲ."

ಅವಳ ಕಣ್ಣು ಹೊಳೆಯುತ್ತಿತ್ತು. ಇಷ್ಟು ವರ್ಷ ಈ ಊರಲ್ಲಿ ತಾನೊಬ್ಬಳೇ ಅಂದುಕೊಂಡಿದ್ದಳಂತೆ. ಇನ್ನೊಬ್ಬರು ಇದ್ದಾರೆ, ಬಾಯಿ ಬಿಡಲು ಹೆದರಿಕೊಂಡು ಕೂತಿದ್ದಾರೆ. ಅವರನ್ನು ಹುಡುಕಿ, ಒಂದು ಕಪ್ ಕಾಫಿ ಕುಡಿಸಿ, ಮುಂದಿನ ಚುನಾವಣೆಗೆ ಅವರ ಅಂಗಳದಲ್ಲೂ ಒಂದು ಫಲಕ ನಿಲ್ಲಿಸದಿದ್ದರೆ ತನಗೆ ನಿದ್ದೆ ಬರುವುದಿಲ್ಲ ಎಂದಳು.

"ನಾಳೆ ನಿನ್ನ ಟ್ರಕ್ಕು ಬರುತ್ತಲ್ಲ. ಮನೆಮನೆಗೆ ಕರ್ಕೊಂಡು ಹೋಗು, ಒಬ್ಬೊಬ್ಬರ ಮುಖ ನೋಡಿ ಕಂಡುಹಿಡೀತೀನಿ. ಊರಲ್ಲಿ ನಿನಗೆ ಗೊತ್ತಿಲ್ಲದೋರು ಯಾರಿದ್ದಾರೆ? ಇಲ್ಲ ಅನ್ನಬೇಡ ಎಲ್ಡನ್. ಇವತ್ತಿನ ಋಣ ನೀನು ನನಗೆ ಇನ್ನೂ ಬಾಕಿ ಇಟ್ಟಿದ್ದೀಯ."

ಎಲ್ಡನ್ ಬಾಯಿ ತೆರೆದ. ತೀರಿಸಿಯಾಗಿದೆ ಎಂದರೆ ಹುಡುಕಾಟ ಈ ಬೇಲಿಯಲ್ಲೇ ಮುಗಿಯುತ್ತದೆ, ಕಾಫಿ ಮೂಲೆಯ ಬದುಕೂ ಇಲ್ಲೇ ಮುಗಿಯುತ್ತದೆ. ಬಾಯಿ ಮುಚ್ಚಿ, ಆಗಲಿ ಎಂದು ತಲೆಯಾಡಿಸಿದ.

ಮೇವಿಸ್ ಒಳಗೆ ಹೋಗಿ ಮೊಟ್ಟೆ ತೆಗೆದಿಟ್ಟು, ಅದೇ ತಟ್ಟೆಯಲ್ಲಿ ಇನ್ನೂ ಹಬೆಯಾಡುತ್ತಿದ್ದ ಬೆರ್ರಿ ಪೈ ತಂದು ಅವನ ಕೈಗಿತ್ತಳು. ಎಲ್ಡನ್ ತುಂಬಿದ ತಟ್ಟೆ ಹಿಡಿದುಕೊಂಡು ಮನೆಯ ಕಡೆ ನಡೆದ.