ಕಪಿಲೆ ದಡದ ಬಟ್ಟೆ ರಾಶಿ

ಸಿದ್ದಯ್ಯ ಮೇಷ್ಟ್ರ ಸಿಟ್ಟು ಅಂದು ಬೆಳಿಗ್ಗೆಯೇ ನೆತ್ತಿಗೇರಿದ್ದು ಒಂದು ಆಮೆಯಿಂದ. ನಂಜನಗೂಡಿಗೆ ಬಂದವರು ಕಪಿಲೆಯಲ್ಲಿ ಮುಳುಗಿ, ಉಟ್ಟ ಬಟ್ಟೆಯನ್ನು ಅಲ್ಲೇ ಬಿಟ್ಟುಹೋಗುತ್ತಾರೆ. ಬಟ್ಟೆಯ ಜೊತೆ ಪಾಪವೂ ತೇಲಿಹೋಗುತ್ತದಂತೆ. ಹಾಗೆ ಯಾರೋ ಬಿಟ್ಟ ನೈಲಾನ್ ಸೀರೆಗೆ ಕತ್ತು ಸಿಕ್ಕಿಸಿಕೊಂಡು ಆಮೆ ಒದ್ದಾಡುತ್ತಿತ್ತು. ಪಾಪ ಮಾಡಿದವರು ಇವರು, ಉರುಳು ಮಾತ್ರ ಆಮೆಗೆ, ಇದ್ಯಾವ ನ್ಯಾಯ? ಆಮೆಯನ್ನು ಬಿಡಿಸಿ ಕಳಿಸಿದ ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ನೀರಿಗಿಳಿದೇಬಿಟ್ಟರು.

ಮಧ್ಯಾಹ್ನದ ಹೊತ್ತಿಗೆ ಹೊಳೆಯ ಮೆಟ್ಟಿಲ ಮೇಲೆ ಅವರು ನೀರಿನಿಂದ ಎಳೆದುಹಾಕಿದ ಬಟ್ಟೆ ಸೊಂಟದೆತ್ತರ ರಾಶಿ ಬಿದ್ದಿತ್ತು.

"ಬಟ್ಟೆ ಬಿಡೋದು ಶಾಸ್ತ್ರ ಮೇಷ್ಟ್ರೆ, ಅಡ್ಡ ಬರ್ಬಾರ್ದು," ಎಂದರು ಪುರೋಹಿತ ಗಂಗಾಧರಸ್ವಾಮಿ.

"ಯಾವ ಶಾಸ್ತ್ರ? ಪುಸ್ತಕ ತೆಗೀರಿ, ನೋಡೇಬಿಡಾಣ."

ಸ್ವಾಮಿಗಳೂ ಹಟಕ್ಕೆ ಬಿದ್ದು ಪುಸ್ತಕ ತಂದು ಹುಡುಕಿದರು. ನೀರಿಗೆ ಉಗುಳಬಾರದು, ಹೊಲಸು ಬಟ್ಟೆ ಹಾಕಬಾರದು ಎಂದೇ ಅದರಲ್ಲಿತ್ತು.

"ಇದು ತೀರಾ ಹಳೇ ಪುಸ್ತಕ," ಎಂದು ಮಡಚಿಟ್ಟು ಊಟಕ್ಕೆ ಹೊರಟುಹೋದರು.

ಕಸದ ಟ್ರ್ಯಾಕ್ಟರಿನವನು ರಾಶಿ ನೋಡಿದ್ದೇ ಹಿಂದಕ್ಕೆ ಸರಿದ. "ಊರ್ನೋರ್ ಪಾಪನೆಲ್ಲ ನನ್ ಗಾಡಿಗ್ ತುಂಬ್ಬೇಡಿ ಸಾ. ನಾಳೀಕ್ ನೋಡಾಣ."

ಹಸಿದು ಮನೆಗೆ ಬಂದರೆ ಹೆಂಡತಿ ವಿಶಾಲಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. "ಕಂಡೋರ್ ಪಾಪ ಮೈಗ್ ಮೆತ್ಕೊಂಡು ಒಳಕ್ ಬರ್ಬೇಡಿ. ಹೊಳೇಲ್ ಮುಳುಗಿ, ಮೈಮೇಲಿನ ಬಟ್ಟೆ ಅಲ್ಲೇ ಬಿಟ್ಟು ಬನ್ನಿ," ಎಂದು ಒಗೆದ ಪಂಚೆ, ಶರಟು, ಟವಲು ಕೈಗಿಟ್ಟಳು.

"ಇನ್ನೊಂದ್ ಆಮೆ ಕತ್ತಿಗೆ ನನ್ ಪಂಚೆನೂ ಬೇಕೇನೆ?"

"ಹಂಗಾದ್ರೆ ಜಗ್ಲಿ ಮೇಲೇ ಇರಿ."

ಮೇಷ್ಟ್ರು ಹಲ್ಲು ಕಡಿಯುತ್ತ ಹೊಳೆಗೆ ಬಂದರು. ಮುಳುಗುವುದೇನೋ ಸರಿ, ಆದರೆ ಒಂದು ನೂಲೂ ಬಿಡುವುದಿಲ್ಲವೆಂದು ನಿಶ್ಚಯಿಸಿದ್ದರು. ಕೊಳೆಯಾದದ್ದು, ಒಗೆದದ್ದು ಎರಡನ್ನೂ ರಾಶಿಯ ಮೇಲಿಟ್ಟು, ಟವಲು ಸುತ್ತಿಕೊಂಡು ನೀರಿಗಿಳಿದರು. ಸಿಟ್ಟು ಇಳಿಯಲೆಂದು ಕಣ್ಣು ಮುಚ್ಚಿ ಬಹಳ ಹೊತ್ತು ಕುತ್ತಿಗೆಮಟ್ಟ ನೀರಿನಲ್ಲೇ ಕೂತರು.

ಎದ್ದು ತಿರುಗಿದರೆ ಮೆಟ್ಟಿಲು ಗುಡಿಸಿಟ್ಟಂತೆ ಬರಿದಾಗಿತ್ತು. ಸಂಜೆ ಹೂವಿನ ವ್ಯಾಪಾರಕ್ಕೆ ಬಂದಿದ್ದ ಮಾದಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

"ಕೇರಿಯೋರ್ ಬಟ್ಟೆನೆಲ್ಲ ಒತ್ಕಂಡ್ ಬಂದು, ಬುಡೋದ್ನೇ ಮರ್ತ್‌ಬುಟ್ರಲ್ಲ ಮೇಷ್ಟ್ರೆ. ಪಾಪ, ವಯಸ್ಸಾದೋರು ಅಂತ ನಾನೇ ಬುಟ್ಟೆ, ಒಂದ್ನೂ ಉಳಿಸ್ನಿಲ್ಲ."

ಹೊಳೆಯ ತುಂಬ ಬಟ್ಟೆ. ಒಗೆದ ಪಂಚೆ ಎಲ್ಲಕ್ಕಿಂತ ಮುಂದೆ ತೇಲುತ್ತಿತ್ತು. ಮೇಷ್ಟ್ರು ಸುತ್ತಿಕೊಂಡ ಟವಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿದರು.

ಮಾದಮ್ಮ ಅವರ ಸೊಂಟದತ್ತ ನೋಡಿ ಕನಿಕರದಿಂದ ಹೇಳಿದಳು. "ಆ ಟವಲ್ ಒಂದ್ನ ಯಾಕ್ ಉಳಿಸ್ಕಂಡಿದ್ದೀರಿ ಸಾ? ಕೊಡಿ, ಅದ್ನೂ ಬುಟ್ಬುಡ್ತೀನಿ."