ಗೋಧಿ ಗುಂಪಿನ ಮಾಸ್ತರು

ಐದು ಬೆರಳೂ ಸಮ ಇರುವುದಿಲ್ಲ ಎಂಬ ಮಾತನ್ನು ಒಪ್ಪದವರಿಲ್ಲ. ಆದರೆ ಕಿರುಬೆರಳು ನಿಮ್ಮ ಮಗನೇ ಎಂದು ಒಬ್ಬರಿಗಾದರೂ ಹೇಳಿ ನೋಡಿ. ನಾನು ಕಲಿಯುವಾಗ ನಮ್ಮ ಮಾಸ್ತರು ಎಲ್ಲ ಬೆರಳಿಗೂ ಒಂದೇ ಛಡಿಯಿಂದ ನ್ಯಾಯ ಒದಗಿಸುತ್ತಿದ್ದರು. ಪ್ರತಿ ಮಗುವಿಗೂ ಅದರ ಶಕ್ತಿ ನೋಡಿ ಪಾಠ ಹೇಳಬೇಕೆಂದು ನನ್ನ ತಲೆಗೆ ತುಂಬಿದ್ದು ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ, ತುಂಬಿದ ಆ ತಲೆಯನ್ನು ಹೊತ್ತುಕೊಂಡು ಹೆಬ್ಬಳ್ಳಿ ಕಡೆಯ ಸಣ್ಣ ಊರೊಂದರ ಸರಕಾರಿ ಶಾಲೆಗೆ ಬಂದೆ. ನಾಲ್ಕು ಇಯತ್ತೆ, ಒಂದೇ ಕೋಣೆ, ಒಬ್ಬನೇ ಮಾಸ್ತರ.

ಲೆಕ್ಕ ಬೇಗ ತಲೆಗೆ ಹತ್ತುವವರು, ನಡುವಿನವರು, ತಡವಾಗಿ ಹತ್ತುವವರು ಎಂದು ಮಕ್ಕಳನ್ನು ಮೂರು ಗುಂಪು ಮಾಡಿದೆ. ಹೆಸರಿಡುವುದೇ ಫಜೀತಿ. ದಡ್ಡರ ಗುಂಪು ಎಂದರೆ ಸಂಜೆಯೊಳಗೆ ಅಪ್ಪಂದಿರು ಬಾಗಿಲಿಗೆ ಬರುತ್ತಾರೆ. ಅದಕ್ಕೇ ಚುರುಕಿನವರಿಗೆ ಜೋಳ, ನಡುವಿನವರಿಗೆ ಕಡಲೆ, ನಿಧಾನದವರಿಗೆ ಹಬ್ಬದ ಧಾನ್ಯವಾದ ಗೋಧಿ ಎಂದು ಹೆಸರಿಟ್ಟೆ. ಗೋಧಿಯವರನ್ನು ಮಗ್ಗುಲಿಗೆ ಕೂಡಿಸಿಕೊಂಡು ಹುಣಸೆಬೀಜ ಎಣಿಸಿ ಲೆಕ್ಕ ಕಲಿಸುತ್ತಿದ್ದೆ. ಜೋಳದ ಅಪ್ಪನೊಬ್ಬ ಬಂದು, "ನಮ್ಮ ಹುಡುಗ ಏನ್ ತಪ್ಪ ಮಾಡ್ಯಾನ್ರಿ ಮಾಸ್ತರ್ರ, ಅವನ್ನೂ ಗೋಧ್ಯಾಗ ಹಾಕ್ರಿ" ಎಂದು ಗೋಗರೆದ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಅಷ್ಟರಲ್ಲಿ ತಪಾಸಣೆ ಬಂತು. ನನ್ನ ನೌಕರಿ ಕಾಯಂ ಆಗುವುದು ತಪಾಸಣೆಗೆ ಬಂದ ಸಾಹೇಬರ ಒಂದು ಮಾತಿನ ಮೇಲಿತ್ತು. ನನಗೆ ನೋಡಿದ್ದ ಹುಬ್ಬಳ್ಳಿ ದೇಶಪಾಂಡೆ ನಗರದ ಹೆಣ್ಣಿನ ಕಡೆಯವರೂ, ಕಾಯಂ ಆಗಲಿ, ಆಮೇಲೆ ಮಾತಾಡೋಣ ಎಂದು ಕೂತಿದ್ದರು. ಸಾಹೇಬರು ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟು, ಗುಂಪುಗಳ ಹೆಸರು ಕೇಳಿ, "ಗೋಧಿ ಅಂದ್ರ ಶ್ಯಾಣ್ಯಾರ ಇರಬೇಕು. ಅವರನ್ನ ಕೇಳೋಣು" ಎಂದರು. ಅಲ್ಲ, ಅವರೇ ಹಿಂದುಳಿದವರು ಎಂದು ಆ ಮಕ್ಕಳ ಎದುರಿಗೆ ಹೇಳಲು ಬಾಯಿ ಬರಲಿಲ್ಲ. ಹೇಳದಿದ್ದರೆ ನೌಕರಿಗೆ ಎಳ್ಳುನೀರು.

"ಹದಿಮೂರ ನಾಲ್ಕಲೆ ಎಷ್ಟು?" ಗೋಧಿಯ ಗಂಗವ್ವ ಎದ್ದು ನಿಂತಳು, ಮತ್ತೆ ಕೂತಳು, ಬೀಜಗಳನ್ನು ಸಾಲಾಗಿ ಇಡತೊಡಗಿದಳು. ಸಾಹೇಬರ ಬೂಟು ನೆಲ ತಟ್ಟತೊಡಗಿತು. ಜೋಳದವರು ಉತ್ತರ ಬಾಯಲ್ಲಿಟ್ಟುಕೊಂಡು ಚಡಪಡಿಸುತ್ತಿದ್ದರು. ನಾನು ಮನೆದೇವರಿಗೆ ಹರಕೆ ಹೊತ್ತು, ಸಾಲದೆಂದು ಅದನ್ನು ದುಪ್ಪಟ್ಟು ಮಾಡಿದೆ.

"ಐವತ್ತೆರಡ್ರಿ."

"ಬರೋಬರಿ. ಶ್ಯಾಣ್ಯಾರಿಗೆ ಇಷ್ಟ ಹೊತ್ತ ಯಾಕ ಬೇಕಾತವ್ವಾ?"

"ನಾವು ಶ್ಯಾಣ್ಯಾರ ಅಲ್ರಿ ಸಾಹೇಬ್ರ. ನಮಗ ಲಗೂ ತಿಳಿಯಂಗಿಲ್ಲ. ಕೆಟ್ಟ ಅನಸಬಾರ್ದಂತ ಮಾಸ್ತರು ಗೋಧಿ ಅಂತ ಹೆಸರ ಇಟ್ಟಾರ್ರಿ. ನಾವೂ ಗೊತ್ತಿಲ್ಲದವರ ಗತೆ ಇರ್ತೇವ್ರಿ, ಮಾಸ್ತರಿಗೆ ಕೆಟ್ಟ ಅನಸಬಾರ್ದು."

ಸಾಹೇಬರು ಬಗ್ಗಿ ಅವಳ ಬೀಜದ ಸಾಲು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಇವತ್ತು ಹಾಜರಿ ಎಷ್ಟದ ಮಾಸ್ತರ?" ಎಂದರು. ಮುಂಜಾನೆ ನಾನೇ ಕೂಗಿದ ಹಾಜರಿ. ಒಂದು ಅಂಕಿಯೂ ನೆನಪಾಗಲಿಲ್ಲ. ಗಂಗವ್ವ ಬೀಜದ ಗುಪ್ಪೆಯನ್ನು ನನ್ನ ಕಡೆ ಸರಿಸಿ, "ಗಾಬರಿ ಆಗಬ್ಯಾಡ್ರಿ, ಸಾವಕಾಶ ಎಣಸ್ರಿ" ಎಂದಳು. ಒಬ್ಬೊಬ್ಬರಿಗೆ ಒಂದೊಂದು ಬೀಜ ಇಟ್ಟು ಎಣಿಸಿದೆ. ಸಾಹೇಬರ ಬೂಟು ಈ ಸಲ ಸದ್ದು ಮಾಡದೆ ಕಾಯಿತು.

ನೌಕರಿ ಕಾಯಂ ಆಯಿತು, ಮದುವೆಯೂ ಆಯಿತು. ನಾನು ಯಾವ ಗುಂಪಿನವನೆಂದು ಹೆಂಡತಿಗೆ ಇಂದಿಗೂ ಹೇಳಿಲ್ಲ. ಅವಳಿಗೆ ಗೊತ್ತಿದೆ, ನನಗೆ ಕೆಟ್ಟ ಅನಿಸಬಾರದೆಂದು ಗೊತ್ತಿಲ್ಲದವರ ಹಾಗೆ ಇದ್ದಾಳೆ.